ಸಣ್ಣ ಕಂಪನ ಆದ್ರೆ ದೊಡ್ಡದು ತಪ್ಪುತ್ತಾ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ ನೆಲ ಗುಡುಗುಡು ಅಂತ ನಡುಗಿದಾಗೆಲ್ಲ ಪೇಪರಲ್ಲೂ ವಾಟ್ಸಾಪಲ್ಲೂ ಒಂದೇ ಸಮಾಧಾನ: "ಒತ್ತಡ ಸ್ವಲ್ಪ ಸ್ವಲ್ಪ ಖಾಲಿ ಆಗ್ತಿದೆ, ಒಳ್ಳೇದೇ ಆಯ್ತು, ಇನ್ನು ದೊಡ್ಡದು ಬರಲ್ಲ". 2021ರ ಅಕ್ಟೋಬರಲ್ಲಿ ಗಡಿಕೇಶ್ವಾರದವ್ರು ಮನೆ ಬಿಟ್ಟು ಹೊರಗೆ ಮಲಗಿದ್ದಾಗ್ಲೂ ಇದೇ ಮಾತು, ಮುಂದಿನ ವರ್ಷ ಮಳೆಗಾಲದಲ್ಲಿ ಕೊಡಗಿನ ಚೆಂಬು, ಸಂಪಾಜೆ ಕಡೆ ನಡುಗಿದಾಗ್ಲೂ ಇದೇ ಮಾತು.

ಲೆಕ್ಕ ಹಾಕಿದ್ರೆ ಇದು ನಿಲ್ಲಲ್ಲ ಸ್ವಾಮಿ. ತೀವ್ರತೆ ಒಂದು ಅಂಕಿ ಏರಿದ್ರೆ ಶಕ್ತಿ ಸುಮಾರು 32 ಪಟ್ಟು ಏರುತ್ತೆ, ಹಾಗಾಗಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರಲ್ಲಿ ಆದ 6.2ರ ಭೂಕಂಪದಷ್ಟು ಶಕ್ತಿ 3ರ ಕಂಪನಗಳಲ್ಲೇ ಖಾಲಿ ಆಗ್ಬೇಕಂದ್ರೆ ಅಂಥವು 60,000ಕ್ಕೂ ಹೆಚ್ಚು ಬೇಕು. ಕಿಲ್ಲಾರಿ ನಮಗೇನು ದೂರದ ಊರಲ್ಲ. ಅಲ್ಲಿ 1992ರಲ್ಲೇ ಸಣ್ಣ ಕಂಪನಗಳ ಸರಣಿ ಶುರುವಾಗಿತ್ತು, ಅಕ್ಟೋಬರಲ್ಲಿ 4ರ ಆಸುಪಾಸಿನದ್ದೂ ಒಂದು ಆಯ್ತು, ಆಮೇಲೆ ತಣ್ಣಗಾಯ್ತು ಅಂತ ಜನ ಮರೆತ್ರು, 1993ರ ಸೆಪ್ಟೆಂಬರ್ 30ರ ನಸುಕಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವ್ರ ಮೇಲೇ ಬಿದ್ವು.

ಹಾಗಂತ ಸರಣಿ ಬಂದ್ರೆ ದೊಡ್ಡದು ಗ್ಯಾರಂಟಿ ಅಂತಾನೂ ಅಲ್ಲ. ಜಪಾನಿನ ಮತ್ಸುಶಿರೋದಲ್ಲಿ 1965ರಿಂದ ಲಕ್ಷಗಟ್ಟಲೆ ಕಂಪನ ಆಗಿ, ನೆಲದಿಂದ ನೀರು ಉಕ್ಕಿ, ಕೊನೆಗೆ ತಾನಾಗೇ ನಿಂತೋಯ್ತು. ಅದೇ ದೇಶದ ನೋಟೋದಲ್ಲಿ 2020ರ ಕೊನೆಗೆ ಶುರುವಾದದ್ದು 2023ರ ಮೇನಲ್ಲಿ 6.5 ಆಗಿ, 2024ರ ಜನವರಿ 1ಕ್ಕೆ 7.6 ಆಯ್ತು.

ಒಳಗೆ ನಡೆಯೋದು ಇಷ್ಟು. ಭಾರತ ಕೂತಿರೋ ಭೂಮಿಯ ಹೊರಪದರದ ದೊಡ್ಡ ಹಲಗೆ, ಅಂದ್ರೆ ಪ್ಲೇಟ್, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿದು ಹಿಮಾಲಯದಲ್ಲಿ ಒತ್ತುತ್ತೆ, ಆ ಒತ್ತಡ ನಮ್ಮ ದಖ್ಖನ್ ಕೆಳಗಿನ ಹಳೇ ಬಿರುಕುಗಳವರೆಗೂ ಬರುತ್ತೆ. ಎರಡು ಶಾಬಾದ್ ಕಲ್ಲು ಒಂದರ ಮೇಲೊಂದು ಗಟ್ಟಿಯಾಗಿ ಕೂತಿದೆ ಅಂದ್ಕೊಳ್ಳಿ, ಪಕ್ಕದಿಂದ ಎಷ್ಟು ತಳ್ಳಿದ್ರೂ ಜಾರಲ್ಲ, ಆದ್ರೆ ಸಂದಿಗೆ ನೀರು ಒತ್ತಿ ಹೋದ್ರೆ ಹಿಡಿತ ಸಡಿಲ ಆಗಿ ಅದೇ ತಳ್ಳಾಟಕ್ಕೆ ಜಾರುತ್ತೆ. ಬಿರುಕಿನ ಒಂದು ತುಣುಕು ಜಾರಿದ್ರೆ ಅದರ ಭಾರ ಪಕ್ಕದ ತುಣುಕಿನ ಮೇಲೆ ಬೀಳುತ್ತೆ, ಅಂದ್ರೆ ಒತ್ತಡ ಇಲ್ಲಿ ಇಳಿದು ಅಲ್ಲಿ ಏರುತ್ತೆ, ಎಲ್ಲಾ ಕಡೆ ಖಾಲಿ ಆಗಲ್ಲ! ಮಹಾರಾಷ್ಟ್ರದ ಕೊಯ್ನಾದಲ್ಲಿ ಜಲಾಶಯ ತುಂಬಿದ್ಮೇಲೆ 1967ರಲ್ಲಿ 6.3ರದ್ದು ಆಗಿದ್ದು, ಇವತ್ತಿಗೂ ಅಲ್ಲಿ ನಡುಗ್ತಾ ಇರೋದು ನೀರಿಂದ ಹಿಡಿತ ಸಡಿಲ ಆಗೋದಕ್ಕೇ ಉದಾಹರಣೆ. ನಮ್ಮಲ್ಲೂ ಎಷ್ಟೋ ಸಲ ಮಳೆ ಮುಗಿಯೋ ಹೊತ್ತಿಗೇ ಸದ್ದು ಶುರುವಾಗೋದು ನೋಡಿದ್ರೆ ನೀರಿನ ಮೇಲೇ ನನಗೆ ಅನುಮಾನ.

ಅದಕ್ಕೇ ಒಂದು ವಿನಂತಿ. "3.1 ತೀವ್ರತೆ, ಜನರಲ್ಲಿ ಆತಂಕ" ಅಂತ ಎರಡು ಸಾಲು ಹಾಕಿ ಬಿಡಬೇಡಿ. ಆಳ ಎಷ್ಟು ಕಿಲೋಮೀಟರ್, ಆ ವಾರ ಒಟ್ಟು ಎಷ್ಟು ಆದ್ವು, ಕಂಪನದ ಕೇಂದ್ರ ಒಂದೇ ಜಾಗದಲ್ಲಿದೆಯಾ ಅಥವಾ ಒಂದು ದಿಕ್ಕಿಗೆ ಸರೀತಿದೆಯಾ, ಇದನ್ನೂ ಕೇಳಿ ಹಾಕಿ. ಸರೀತಿದ್ರೆ ನಾವು ಮುಂದಿನ ಊರಿನವ್ರಿಗೆ ಫೋನಾದ್ರೂ ಮಾಡ್ತೀವಿ, ಹಳೇ ಗೋಡೆ ಪಕ್ಕ ಮಲಗಬೇಡಿ ಅಂತ.

ಇಂತಿ,
ಚಿಂಚೋಳಿ ತಾಲ್ಲೂಕಿನ ಒಬ್ಬ ಓದುಗ