ಗೊಬ್ಬರದ ಗುಂಡಿಯ ಹಸಿರು ಬೂಸ್ಟು

ಮಾನ್ಯ ಸಂಪಾದಕರೇ,

ಗೋವಾದ ಫೋಂಡಾದಲ್ಲಿ ನಮ್ಮ ಮನೆ ಹಿಂದೆ ಎಂಟು ತೆಂಗಿನ ಮರಗಳಿವೆ. ಮೊನ್ನೆ ಸಗಣಿ ಗೊಬ್ಬರ ಕೆದಕುವಾಗ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಹುಳು ಒಂದು ಸಿಕ್ಕಿತು. ಸತ್ತಿತ್ತು, ಆದರೆ ಕೊಳೆತಿರಲಿಲ್ಲ. ಸೀಮೆಸುಣ್ಣದ ಹಾಗೆ ಗಟ್ಟಿ, ಮೈ ತುಂಬ ಹಸಿರು ಪುಡಿ!

ಇದು ಮೆಟಾರೈಜಿಯಂ ಎಂಬ ಶಿಲೀಂಧ್ರದ ಕೆಲಸ. ಹುಳು ಅದನ್ನು ತಿನ್ನಬೇಕೆಂದೇನಿಲ್ಲ, ತಾಗಿದರೆ ಸಾಕು. ಬೀಜಕಣ ಮೈಗೆ ಅಂಟಿ, ಮೊಳೆತು, ಚರ್ಮ ಕೊರೆದು ಒಳಗೆ ಹೋಗುತ್ತದೆ. 1879ರಲ್ಲೇ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ ಇದನ್ನು ಗೋಧಿ ದುಂಬಿಯ ಮೇಲೆ ಪ್ರಯೋಗಿಸಿದ್ದರು. ಇನ್ನೊಂದು ಶಿಲೀಂಧ್ರ ಬ್ಯೂವೇರಿಯಾ, ಬಿಳಿ ಬಣ್ಣದ್ದು. ರೇಷ್ಮೆಹುಳುವಿಗೆ ಅದು ತರುವ ಸುಣ್ಣಕಟ್ಟು ರೋಗ ಅಂದರೆ ರಾಮನಗರದ ರೇಷ್ಮೆ ಬೆಳೆಗಾರರಿಗೆ ತಟ್ಟನೆ ಗೊತ್ತಾಗುತ್ತದೆ. ಅಲ್ಲಿ ಅದು ಶತ್ರು, ತೋಟದಲ್ಲಿ ಮಿತ್ರ. ವಿಚಿತ್ರ ಅಲ್ವಾ?

ಕೆನಡಾದಲ್ಲಿ ಉಳುಮೆ ಮಣ್ಣಲ್ಲಿ ಮೆಟಾರೈಜಿಯಂ, ಕಾಡಿನ ಮಣ್ಣಲ್ಲಿ ಬ್ಯೂವೇರಿಯಾ ಜಾಸ್ತಿ ಕಂಡಿವೆ. ನಮ್ಮ ಗೋವಾದ ಕುಳಾಗರದಲ್ಲಿ (ಅಡಿಕೆ-ತೆಂಗಿನ ತೋಟದಲ್ಲಿ), ಉಪ್ಪುನೀರಿನ ಖಜಾನ್ ಗದ್ದೆಯಲ್ಲಿ ಯಾವುದಿದೆ? ಬಲ್ಲವರು ನಿಮ್ಮ ಕೃಷಿ ಪುಟದಲ್ಲಿ ಬರೆಯಲಿ.

ಈ ದುಂಬಿಗೆಂದು ಅಂಗಡಿಯವರು ಸುಮ್ನೆ ವಿಷದ ಹರಳು ಕೊಟ್ಟಿದ್ದರು. ವಾಪಸ್ ಮಾಡಿದೆ. ಆ ಹಸಿರು ಹುಳುವನ್ನು ಮತ್ತೆ ಗುಂಡಿಗೇ ಹಾಕಿದ್ದೇನೆ.

– ಓರ್ವ ಓದುಗ, ಫೋಂಡಾ, ಗೋವಾ