ಹಂಚಿಕೆಯ ನಿಯಮ ಒಪ್ಪಿಗೆ ಪತ್ರದಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನನ್ನ ನಾದಿನಿಯೊಡನೆ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದಾಗ, ನಾಲ್ಕು ಚಿಕಿತ್ಸೆಗಳನ್ನು ಒಟ್ಟಿಗೆ ಹೋಲಿಸುವ ಕ್ಲಿನಿಕಲ್ ಟ್ರಯಲ್‌ಗೆ ಸೇರಲು ಆಕೆಗೆ ಕನ್ನಡದ ಒಪ್ಪಿಗೆ ಪತ್ರ ಕೊಟ್ಟರು. ‘ನಿಮ್ಮನ್ನು ಯಾದೃಚ್ಛಿಕವಾಗಿ ಒಂದು ಗುಂಪಿಗೆ ಸೇರಿಸಲಾಗುವುದು, ಹಂಚಿಕೆಯ ಪ್ರಮಾಣ ಬದಲಾಗಬಹುದು’ ಎಂಬುದಷ್ಟೇ ಅದರಲ್ಲಿದ್ದ ವಿವರಣೆ. ‘ಯಾದೃಚ್ಛಿಕ ಅಂದರೆ ಡಾಕ್ಟರೇ ನೋಡಿ ಕೊಡ್ತಾರೆ ಅಂತಲಾ, ಅತ್ತಿಗೆ?’ ಎಂದು ಆಕೆ ಕೇಳಿದಳು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದ ನನಗೂ ಆ ಸಾಲಿನಿಂದ ನಿಯಮವೇನೆಂದು ತಿಳಿಯಲಿಲ್ಲ.

ಸಾಮಾನ್ಯ ಪ್ರಯೋಗದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ, ಡಬ್ಬಿಯಲ್ಲಿರುವ ಚೀಟಿಗಳು ಕೊನೆಯವರೆಗೂ ಬದಲಾಗುವುದಿಲ್ಲ. ಫಲಿತಾಂಶ ನೋಡಿಕೊಂಡು ಹಂಚುವ ಪದ್ಧತಿಯಲ್ಲಾದರೋ, ಅಲ್ಲಿಯವರೆಗೆ ಗುಣ ತೋರಿಸಿದ ಚಿಕಿತ್ಸೆಯ ಚೀಟಿಗಳು ಹೆಚ್ಚುತ್ತ ಹೋಗುತ್ತವೆ. 1933ರಲ್ಲೇ ಅಮೆರಿಕದ ಸಂಶೋಧಕ ವಿಲಿಯಂ ಥಾಂಪ್ಸನ್ ಮಂಡಿಸಿದ ಈ ವಿಚಾರದ ಹಿಂದೆ, ಆಮೇಲೆ ಬರುವ ರೋಗಿಗಳಲ್ಲಿ ಹೆಚ್ಚಿನವರಿಗೆ ಒಳ್ಳೆಯ ಚಿಕಿತ್ಸೆಯೇ ಸಿಗಲಿ ಎಂಬ ಕಾಳಜಿಯಿದೆ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಆರಂಭದ ಒಂದೆರಡು ಫಲಿತಾಂಶಗಳೇ ಡಬ್ಬಿಯನ್ನು ಪೂರ್ತಿ ವಾಲಿಸಿಬಿಡಬಹುದು. ಉಸಿರಾಟ ನಿಂತುಹೋಗುವ ಸ್ಥಿತಿಯಲ್ಲಿದ್ದ ನವಜಾತ ಶಿಶುಗಳಿಗೆ ಎಕ್ಮೊ ಯಂತ್ರದ (ರಕ್ತವನ್ನು ದೇಹದ ಹೊರಗೆ ಹರಿಸಿ ಆಮ್ಲಜನಕ ಸೇರಿಸುವ ಯಂತ್ರ) ನೆರವು ಕೊಡುವ ಬಗ್ಗೆ ಅಮೆರಿಕದ ಮಿಷಿಗನ್‌ನಲ್ಲಿ ಇದೇ ಪದ್ಧತಿಯಲ್ಲಿ ನಡೆದು 1985ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 12 ಶಿಶುಗಳ ಪೈಕಿ 11 ಶಿಶುಗಳಿಗೆ ಎಕ್ಮೊ ದೊರೆತು ಎಲ್ಲವೂ ಬದುಕಿದವು. ರೂಢಿಯ ಚಿಕಿತ್ಸೆ ಪಡೆದದ್ದು ಒಂದೇ ಶಿಶು, ಅದು ತೀರಿಕೊಂಡಿತು. ಒಂದು ಮಗುವಿನ ಸಾವನ್ನು ಎದುರಿಗಿಟ್ಟುಕೊಂಡು ಯಾವ ವೈದ್ಯರು ತಾನೇ ನಿಶ್ಚಿಂತೆಯಿಂದ ತೀರ್ಮಾನಕ್ಕೆ ಬರಲು ಸಾಧ್ಯ? ಬ್ರಿಟನ್ನಿನಲ್ಲಿ 185 ಶಿಶುಗಳನ್ನು ಸಮನಾಗಿ ಹಂಚಿ ನಡೆಸಿದ ಪ್ರಯೋಗದ ಫಲಿತಾಂಶ 1996ರಲ್ಲಿ ಹೊರಬಂದಾಗ, ಎಕ್ಮೊ ಗುಂಪಿನ 93ರಲ್ಲಿ 30, ಇನ್ನೊಂದು ಗುಂಪಿನ 92ರಲ್ಲಿ 54 ಶಿಶುಗಳು ಸತ್ತಿದ್ದವು. ಯಂತ್ರ ಒಳ್ಳೆಯದೆಂಬುದು ನಿಜವೇ ಆಗಿತ್ತು, ಆದರೆ ನಂಬಿಕೆ ಹುಟ್ಟಿಸಿದ್ದು ಈ ಲೆಕ್ಕ.

ಕೋವಿಡ್‌ನಲ್ಲಿ ಕಂಡಂತೆ ತಿಂಗಳು ಕಳೆದಂತೆ ರೋಗಿಗಳೂ ಆರೈಕೆಯೂ ಬದಲಾಗುವುದರಿಂದ, ರೂಢಿಯ ಚಿಕಿತ್ಸೆಯ ಗುಂಪಿಗೆ ಕೊನೆಯವರೆಗೂ ಒಂದು ಕನಿಷ್ಠ ಪಾಲು ಉಳಿಯಲೇಬೇಕು; ಇಲ್ಲದಿದ್ದರೆ ಈಗಿನ ರೋಗಿಗಳನ್ನು ಹಿಂದಿನ ರೋಗಿಗಳೊಡನೆ ಹೋಲಿಸಿದಂತಾಗುತ್ತದೆ.

ಆದ್ದರಿಂದ ನಗರದ ಆಸ್ಪತ್ರೆಗಳ ಎಥಿಕ್ಸ್ ಕಮಿಟಿಗಳಲ್ಲಿ ನನ್ನ ವಿನಂತಿ: ಮೊದಲಿಗೆ ಯಾವ ಪ್ರಮಾಣದಲ್ಲಿ ಹಂಚುತ್ತಾರೆ, ಎಷ್ಟು ರೋಗಿಗಳಾದ ಮೇಲೆ ಅದನ್ನು ಬದಲಿಸುತ್ತಾರೆ, ಬದಲಿಸುವವರು ಯಾರು, ಆ ಕನಿಷ್ಠ ಪಾಲು ಎಷ್ಟು ಎಂಬುದನ್ನು ಚೀಟಿ, ಡಬ್ಬಿಯಂಥ ಮನೆಮಾತಿನಲ್ಲಿ ಬರೆದಿರದ ಒಪ್ಪಿಗೆ ಪತ್ರಕ್ಕೆ ಅನುಮತಿ ಕೊಡಬಾರದು. ನನ್ನ ನಾದಿನಿ ಇನ್ನೂ ಸಹಿ ಹಾಕಿಲ್ಲ; ಸೋಮವಾರ ಮತ್ತೆ ಆಸ್ಪತ್ರೆಗೆ ಹೋದಾಗ ನಾವು ಕೇಳಲಿರುವುದು ಈ ನಾಲ್ಕು ಪ್ರಶ್ನೆಗಳನ್ನೇ.

— ನಿವೃತ್ತ ಉಪನ್ಯಾಸಕಿ, ಜಯನಗರ, ಬೆಂಗಳೂರು