ಅಪ್ಪನವರಿಗೆ, ವಾಷಿಂಗ್ಟನ್ನಿನಿಂದ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಅಮ್ಮ ಹೋದ ಮೇಲೆ ನೀವು ಜಗುಲಿ ಬಿಟ್ಟು ಕದಲುವುದೇ ಇಲ್ಲವೆಂದು ತಮ್ಮ ಫೋನಿನಲ್ಲಿ ಹೇಳಿದ. ಅಂದಿನಿಂದ ಒಬ್ಬ ಹಿರಿಯರ ಕಥೆ ನನ್ನನ್ನು ಬಿಟ್ಟಿಲ್ಲ. ಅದನ್ನು ನಿಮಗೆ ಹೇಳಬೇಕು.

ಇಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅಮೆರಿಕದ ಜನಪದ ಹಾಡುಗಳ ದೊಡ್ಡ ಸಂಗ್ರಹವಿದೆ. ಅದನ್ನು ಬೆಳೆಸಿದವರಲ್ಲಿ ಜಾನ್ ಲೋಮ್ಯಾಕ್ಸ್ ಪ್ರಮುಖರು. ಟೆಕ್ಸಸ್‌ನ ಹಳ್ಳಿಗಾಡಿನಲ್ಲಿ ಬೆಳೆದವರು. ದನಗಾಹಿಗಳ ಹಾಡುಗಳನ್ನು ಕೂಡಿಸಿ 1910ರಲ್ಲೇ ಪುಸ್ತಕ ತಂದವರು. 1931ರಲ್ಲಿ ಅವರ ಹೆಂಡತಿ ತೀರಿಕೊಂಡರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಬ್ಯಾಂಕಿನ ಕೆಲಸವೂ ಹೋಯಿತು. ಕುಗ್ಗಿ ಕುಳಿತಿದ್ದ ತಂದೆಯನ್ನು ಎಬ್ಬಿಸಿ, ಊರೂರಿಗೆ ಉಪನ್ಯಾಸಕ್ಕೆ ಹೊರಡಿಸಿದವನು ಹಿರಿಯ ಮಗ. 1933ರ ಬೇಸಿಗೆಯಲ್ಲಿ ಕಿರಿಯ ಮಗ ಅಲನ್ ಜೊತೆಯಾದ. ಅವನಿಗೆ 18, ತಂದೆಗೆ 65. ಕಾರಿನ ಹಿಂಭಾಗದಲ್ಲಿ ಸುಮಾರು 140 ಕಿಲೋ ತೂಕದ ಧ್ವನಿಮುದ್ರಣ ಯಂತ್ರವನ್ನಿಟ್ಟುಕೊಂಡು ದಕ್ಷಿಣದ ಹೊಲ, ತೋಟ, ಸೆರೆಮನೆಗಳನ್ನು ಇಬ್ಬರೂ ಸುತ್ತಿದರು. ಹೊರಗಿನ ಗಾಳಿ ಸೋಕದ ಸೆರೆಮನೆಗಳಲ್ಲಿ ಕರಿಯ ಕೈದಿಗಳು ಕೊಡಲಿ ಏಟಿಗೆ ತಾಳ ಹಿಡಿದು ಹಾಡುವ ಹಳೆಯ ಪದಗಳು ಉಳಿದಿದ್ದಾವು ಎಂಬುದು ಅವರ ನಂಬಿಕೆ. ಲೂಸಿಯಾನದ ಅಂಗೋಲಾ ಸೆರೆಮನೆಯಲ್ಲಿ ಹನ್ನೆರಡು ತಂತಿಯ ಗಿಟಾರಿನ ಹಾಡುಗಾರ ಕೈದಿ ಲೆಡ್ ಬೆಲಿ ಸಿಕ್ಕಿದ್ದು ಆಗಲೇ. ಮುಂದೆ ಹಣದ ವಿಷಯಕ್ಕೆ ಅವನಿಗೂ ಜಾನ್ ಲೋಮ್ಯಾಕ್ಸ್‌ರಿಗೂ ಮನಸ್ತಾಪವಾಯಿತು. ಲೆಡ್ ಬೆಲಿಯ ಹಾಡುಗಳ ಹಕ್ಕಿನಲ್ಲಿ ಲೋಮ್ಯಾಕ್ಸ್ ತಮ್ಮ ಹೆಸರನ್ನೂ ಸೇರಿಸಿಕೊಂಡದ್ದು ನನಗೆ ಎಳ್ಳಷ್ಟೂ ಒಪ್ಪಿಗೆಯಿಲ್ಲ. ಹಾಡು ಹಾಡಿದವರದು.

ಅಲನ್ ಆಮೇಲೆ ಬದುಕನ್ನೇ ಇದಕ್ಕೆ ಕೊಟ್ಟ. 1941ರಲ್ಲಿ ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ಮುಂದೆ ಹೆಸರಾಂತ ಹಾಡುಗಾರನಾದ ಮಡ್ಡಿ ವಾಟರ್ಸ್‌ನ ಹಾಡನ್ನು ಮೊದಲು ಮುದ್ರಿಸಿದವರಲ್ಲಿ ಅವನೂ ಒಬ್ಬ. ಅವನ ತಂಗಿ ಬೆಸ್ 1977ರಿಂದ ಸರ್ಕಾರದ ಜನಪದ ಕಲೆಗಳ ವಿಭಾಗ ನಡೆಸಿದರು. ಊರಿನ ಹಾಡುಗಾರರಿಗೆ, ಕುಶಲಕರ್ಮಿಗಳಿಗೆ 1982ರಿಂದ ರಾಷ್ಟ್ರೀಯ ಗೌರವ ಸಲ್ಲುವಂತಾಯಿತು. ಅಲನ್ ಮಗಳು ಆನಾ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ತಂದೆ 1983ರಲ್ಲಿ ಕಟ್ಟಿದ ಸಂಸ್ಥೆಯ ಮೂಲಕ ಹಳೆಯ ಧ್ವನಿಮುದ್ರಣಗಳ ಪ್ರತಿಗಳನ್ನು ಅವು ಹುಟ್ಟಿದ ಊರುಗಳಿಗೇ ಮರಳಿಸಿದರು. ಮಿಸಿಸಿಪ್ಪಿಯ ಕೋಮೋ ಎಂಬ ಸಣ್ಣ ಊರಿನ ಗ್ರಂಥಾಲಯಕ್ಕೂ ಅವು ಹೋದವು. ಅಜ್ಜನ ದನಿಯನ್ನು ಮೊಮ್ಮಗ ತನ್ನೂರಲ್ಲೇ ಕುಳಿತು ಕೇಳಬಹುದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮನ ದನಿ ನಮ್ಮ ಬಳಿ ಒಂದೇ ಒಂದು ಕಡೆಯೂ ಇಲ್ಲವಲ್ಲ ಅಪ್ಪ.

ಅಮ್ಮನ ಜೊತೆ ಮದುವೆ ಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದ ದೊಡ್ಡಮ್ಮ ಇನ್ನೂ ಗಟ್ಟಿಯಾಗಿದ್ದಾರೆ. ಬರುವ ಭಾನುವಾರ ತಮ್ಮ ಕಾರು ತರುತ್ತಾನೆ, ಅವನ ಮೊಬೈಲ್‌ನಲ್ಲೇ ಮುದ್ರಿಸಬಹುದು. ದಯವಿಟ್ಟು ನೀವೂ ಹೋಗಿ. ಪದವನ್ನು ಎತ್ತಿಕೊಡಲು ನೀವಿಲ್ಲದಿದ್ದರೆ ದೊಡ್ಡಮ್ಮ ಸಂಕೋಚಪಡುತ್ತಾರೆ. ಹೆಣ್ಣು ಒಪ್ಪಿಸುವಾಗ ಅಮ್ಮ ಹೇಳುತ್ತಿದ್ದ ಪದದ ಮೊದಲ ನುಡಿಯಷ್ಟೇ ನನಗೆ ನೆನಪಿದೆ. ಉಳಿದದ್ದನ್ನು ಕೇಳಿ, ನಿಮ್ಮ ಕೈಬರಹದಲ್ಲೇ ಬರೆದು ಕಳಿಸಿ.

ನಿಮ್ಮ ಮಗ